ಕೈ ತಲುಪದ ದೂರದಲ್ಲಿ ಕಲಿಸುವುದು

ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದ ಮೊದಲ ಭೇಟಿಯಲ್ಲಿ ಅವರು ಆಡಿದ ಮೊದಲ ಮಾತು ಹಣದ್ದಲ್ಲ. "ಅಕ್ಕಾ, ನಾನು ಜನರಿಗೆ ಮೋಸ ಮಾಡುತ್ತಿದ್ದೇನೆ ಅನ್ನಿಸುತ್ತಿದೆ" ಎಂದರು. ವಯಸ್ಸು ಮೂವತ್ತೈದರ ಆಸುಪಾಸು. ಕಾರವಾರದಲ್ಲಿ ಹತ್ತು ವರ್ಷಗಳಿಂದ ಮನೆಮನೆಗೆ ಹೋಗಿ ವ್ಯಾಯಾಮ ಕಲಿಸುವ ತರಬೇತುದಾರ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಅವರ ಹೆಸರು ಗಣಪತಿ.

ಅವರ ಕೆಲಸ ಮೊಬೈಲಿನೊಳಗೆ ಹೋದದ್ದು ಲೆಕ್ಕ ಹಾಕಿಕೊಂಡಲ್ಲ. ನೌಕಾನೆಲೆಯ ಕುಟುಂಬಗಳು ಅವರ ಕಾಯಂ ಶಿಷ್ಯರು. ಕೆಲವು ವರ್ಷಕ್ಕೊಮ್ಮೆ ಅವರಿಗೆ ವರ್ಗಾವಣೆ. ವಿಶಾಖಪಟ್ಟಣಕ್ಕೋ ಕೊಚ್ಚಿಗೋ ಹೋದವರು "ನೀವೇ ವಿಡಿಯೋದಲ್ಲಿ ಹೇಳಿಕೊಡಿ" ಎಂದು ಬೆನ್ನು ಹತ್ತಿದರು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಕುಮಟಾದ ವಾರದ ತರಗತಿ ನಿಂತಿತು. ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಸದಾಶಿವಗಡದ ಶಿಷ್ಯರ ಮನೆಯಿಂದ ಅವರು ದಿನವೂ ಮರಳುತ್ತಿದ್ದ ಸೇತುವೆ ಅದು. "ಮಳೆಗಾಲ ಮುಗಿಯುವವರೆಗೆ ಹೊಳೆ ದಾಟಬೇಡ" ಎಂದು ಆಯಿ, ಅಂದರೆ ಅವರ ತಾಯಿ, ಹಟ ಹಿಡಿದರು. ಆ ಕಡೆಯವರೂ ಪರದೆಗೆ ಬಂದರು.

ನನ್ನಲ್ಲಿಗೆ ಬರುವ ಹೊತ್ತಿಗೆ ಅವರ ದಿನ ಬೆಳಗಿನ ಐದಕ್ಕೆ ಶುರುವಾಗಿ ರಾತ್ರಿ ಹತ್ತೂವರೆಯ ತರಗತಿಯೊಂದಿಗೆ ಮುಗಿಯುತ್ತಿತ್ತು. ಮಸ್ಕತ್‌ನಲ್ಲಿದ್ದ ಭಟ್ಕಳದ ಒಬ್ಬರಿಗೆ ರಾತ್ರಿ ಒಂಬತ್ತೇ ಅನುಕೂಲ. ಆಗ ನಮ್ಮಲ್ಲಿ ಹತ್ತೂವರೆ. ಮನೆಗೆ ಹೋಗಿ ಕಲಿಸುವಾಗ ತಿಂಗಳಿಗೆ ಆರು ಸಾವಿರ ತೆಗೆದುಕೊಳ್ಳುತ್ತಿದ್ದವರು ಅಷ್ಟೇ ತರಗತಿಗೆ ಈಗ ಸಾವಿರದ ಐನೂರು ಪಡೆಯುತ್ತಿದ್ದರು. ಯಾರೂ ಕಡಿಮೆ ಮಾಡಿ ಎಂದು ಕೇಳಿರಲಿಲ್ಲ. "ಬಾಗಿಲು ಹಾಕಿಕೊಂಡು ಮೊಬೈಲಿನ ಜೊತೆ ಮಾತಾಡುವುದೂ ಒಂದು ಕೆಲಸವೇ?" ಎಂದು ಆಯಿ ಕೇಳಿದ್ದು ಮಾತ್ರ ಎದೆಯಲ್ಲಿ ಕೂತಿತ್ತು.

ಅದರ ಮೇಲೆ ಒಂದು ಘಟನೆ. ಅರವತ್ತರ ಹತ್ತಿರದ ಒಬ್ಬ ಶಿಷ್ಯೆಗೆ ತರಗತಿಯ ಮರುದಿನ ಮಂಡಿ ಊದಿಕೊಂಡಿತು. ವೈದ್ಯರು ಎರಡು ವಾರ ವಿಶ್ರಾಂತಿ ಹೇಳಿದರು, ವಾಸಿಯೂ ಆಯಿತು. ಆದರೆ ಗಣಪತಿಗೆ ನಿದ್ದೆ ಹೋಯಿತು. ನಿದ್ದೆ, ಊಟ, ಬದುಕು ಬೇಡವೆನ್ನಿಸುವ ಯೋಚನೆ, ಎಲ್ಲವನ್ನೂ ನೇರವಾಗಿಯೇ ಕೇಳಿದೆ. ಕೊನೆಯದು ಇರಲಿಲ್ಲ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ಉಳಿಸಿ ಕಳಿಸಿದೆ. ನಡುರಾತ್ರಿಯ ಕಳವಳಕ್ಕೆ ನನ್ನ ಕಚೇರಿಯ ಬಾಗಿಲು ತೆರೆದಿರುವುದಿಲ್ಲ.

ಎರಡನೆಯ ಭೇಟಿಯಲ್ಲಿ ನಾನು ಪಕ್ಕದ ಕೋಣೆಗೆ ಹೋಗಿ, ಫೋನನ್ನು ಮೇಜಿನ ಮೇಲಿಟ್ಟು, ಅವರಿಗೆ ವಿಡಿಯೋ ಕರೆ ಮಾಡಿದೆ. "ನನಗೆ ಐವತ್ತೆರಡು. ಮೆಟ್ಟಿಲು ಇಳಿಯುವಾಗ ಎಡ ಮಂಡಿ ಹಿಡಿಯುತ್ತದೆ. ಕಲಿಸಿ" ಎಂದೆ. ಬೆನ್ನು ನೇರವಿಟ್ಟು ಬಸ್ಕಿ ಹೊಡೆಯಿರಿ ಎಂದರು. ಹೊಡೆದೆ. ತಪ್ಪಾಗಿಯೇ ಹೊಡೆದಿರಬೇಕು. ಅವರ ಕೈ ನನ್ನ ಭುಜವನ್ನು ಸರಿಪಡಿಸಲು ಮೇಲೆದ್ದು, ಪರದೆಯ ಮುಂದೆ ಬಂದು, ನಿಂತುಬಿಟ್ಟಿತು. ಆ ನಿಂತ ಕೈಯಲ್ಲಿ ಅವರ ಸಂಕಟ ಪೂರ್ತಿ ಕಂಡಿತು ನನಗೆ. "ಕೈ ಏನು ಹೇಳಲು ಹೊರಟಿತ್ತೋ ಅದನ್ನು ಮಾತಿನಲ್ಲಿ ಹೇಳಿ" ಎಂದೆ. ಬಹಳ ಹೊತ್ತು ಸುಮ್ಮನಿದ್ದರು.

ಆಮೇಲೆ ಮಾತು ಬಂತು. "ಕುರ್ಚಿಯನ್ನು ಗೋಡೆಗೆ ಒರಗಿಸಿ, ಜಾರಬಾರದು. ಅದರ ಮುಂದೆ ನಿಂತುಕೊಳ್ಳಿ. ಕತ್ತಲಲ್ಲಿ ಕುರ್ಚಿ ಎಲ್ಲಿದೆ ಎಂದು ಸೊಂಟದಿಂದಲೇ ಹುಡುಕುವ ಹಾಗೆ ಹಿಂದಕ್ಕೆ ಹೋಗಿ. ಹಿಮ್ಮಡಿ ನೆಲ ಬಿಡುವುದು ಬೇಡ." ನನಗೆ ಅರ್ಥವಾಯಿತು. ಮಂಡಿಯೂ ನೋಯಲಿಲ್ಲ. ಮುಂದಿನ ಮಾತು ಅವರ ಬಾಯಿಂದ ತಾನಾಗಿ ಬಂತು: "ಫೋನನ್ನು ಕೆಳಗಿಡಿ, ಸೊಂಟದ ಎತ್ತರಕ್ಕೆ, ಪಕ್ಕಕ್ಕೆ. ನಿಮ್ಮ ಕಾಲು ನನಗೆ ಕಾಣುತ್ತಿಲ್ಲ." ಹೇಳಿದವರೇ ಬೆಚ್ಚಿದರು. ಆ ಶಿಷ್ಯೆಯ ಫೋನು ಯಾವಾಗಲೂ ಟೀವಿಯ ಪಕ್ಕದ ಎತ್ತರದ ಕಪಾಟಿನ ಮೇಲಿರುತ್ತಿತ್ತು. ಕಾಣುತ್ತಿದ್ದುದು ಮುಖ ಮತ್ತು ಭುಜ. ಮಂಡಿಯನ್ನು ಅವರು ನೋಡಿರಲೇ ಇಲ್ಲ.

ಯಾಕೆ ಕೇಳಲಿಲ್ಲ ಎಂದೆ. ತಲೆ ತಗ್ಗಿಸಿದರು. "ತಾಯಿಯ ವಯಸ್ಸಿನವರು. ಪೂರ್ತಿ ಮೈ ಕಾಣುವ ಹಾಗೆ ಕ್ಯಾಮೆರಾ ಇಡಿ ಎಂದು ಹೇಗೆ ಹೇಳುವುದು?" ಮನೆಗೆ ಹೋದಾಗ ಈ ಪ್ರಶ್ನೆಯೇ ಹುಟ್ಟುವುದಿಲ್ಲ, ಸೊಸೆ ಚಹಾ ತರುತ್ತಾಳೆ, ಮೊಮ್ಮಗು ಡಂಬೆಲ್ ಉರುಳಿಸುತ್ತದೆ, ಎಲ್ಲರ ಎದುರಿಗೇ ಪಾಠ. ಪರದೆಯಲ್ಲಿ ಇಬ್ಬರೇ. ಅವರ ಸಂಕೋಚ ಸಭ್ಯತೆಯದ್ದು, ಅದನ್ನು ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ ಅದೇ ಸಂಕೋಚ ಆ ಮಂಡಿಯನ್ನು ಮರೆಮಾಡಿತ್ತು. ನಾನು ಕೊಟ್ಟ ಸಲಹೆ: ಮೊದಲ ಕರೆಯನ್ನು ವ್ಯಾಯಾಮಕ್ಕಲ್ಲ, ಮಾತುಕತೆಗೇ ಇಟ್ಟುಕೊಳ್ಳಿ. ಮನೆಯವರೊಬ್ಬರು ಜೊತೆಗಿರಲಿ. ಬೆನ್ನು ಮತ್ತು ಬಗ್ಗುವ ಆಳ ಪಕ್ಕದಿಂದ ಕಾಣುತ್ತವೆ, ಮಂಡಿ ಒಳಕ್ಕೆ ವಾಲುವುದು ಎದುರಿನಿಂದ ಕಾಣುತ್ತದೆ, ಅದಕ್ಕಾಗಿಯೇ ಫೋನು ಎರಡೂ ಕಡೆ ಇಡಬೇಕು ಎಂದು ಕಾರಣ ಸಮೇತ ಹೇಳಿ. ಒಪ್ಪಿಗೆ ಇಲ್ಲದೆ ಯಾವುದನ್ನೂ ರೆಕಾರ್ಡ್ ಮಾಡುವುದಿಲ್ಲ ಎಂದು ಬರೆದುಕೊಡಿ.

ಆರೋಗ್ಯದ ಪ್ರಶ್ನೆಗಳೂ ಬರಹದಲ್ಲಿರಲಿ ಎಂದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಎದೆನೋವು, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭ. ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರ ಮಾತು, ಆಮೇಲೆ ಬಸ್ಕಿ. ಶಿಷ್ಯರ ವಿಳಾಸ ಮತ್ತು ಮನೆಯವರೊಬ್ಬರ ಅಥವಾ ನೆರೆಯವರ ಸಂಖ್ಯೆ ಬೇಕೇ ಬೇಕು. ಕಾರವಾರದಿಂದ 108ಕ್ಕೆ ಕರೆ ಮಾಡಿದರೆ ಕೊಚ್ಚಿಯ ಮನೆಗೆ ಆಂಬುಲೆನ್ಸ್ ಹೋಗುವುದಿಲ್ಲ. ಮಳೆಗೆ ಕರೆಂಟು ಹೋಗಿ ಕರೆ ತುಂಡಾದರೆ ಶಿಷ್ಯರು ಭಾರ ಕೆಳಗಿಟ್ಟು ಕೂರಬೇಕು, ಇವರು ಸಾಮಾನ್ಯ ಕರೆ ಮಾಡಬೇಕು. ಇದೂ ಮೊದಲೇ ಗೊತ್ತಿರಲಿ.

ಶುಲ್ಕದ ವಿಷಯ ಇಷ್ಟು ಸಲೀಸಾಗಲಿಲ್ಲ. "ನಾನು ಹೋಗುತ್ತಿಲ್ಲವಲ್ಲ" ಎಂಬುದು ಅವರ ಒಂದೇ ವಾದ. ಅವರು ಇಳಿಸಿದ್ದು ಪ್ರಯಾಣದ ಖರ್ಚನ್ನಲ್ಲ, ತನ್ನ ಮೇಲಿನ ನಂಬಿಕೆಯನ್ನು ಎಂದು ನನಗೆ ಅನ್ನಿಸಿತು, ಹಾಗೆಯೇ ಹೇಳಿದೆ. ಪೆಟ್ರೋಲು ಮತ್ತು ದಾರಿಯ ಸಮಯದ ಲೆಕ್ಕವಷ್ಟನ್ನೇ ಕಳೆಯಿರಿ, ಕಲಿಸುವ ಗಂಟೆಯ ಬೆಲೆಯನ್ನು ಮುಟ್ಟಬೇಡಿ ಎಂದೆ. ನಾನು ಲೆಕ್ಕಿಗಳಲ್ಲ, ತೆರಿಗೆಯ ಪ್ರಶ್ನೆಗಳಿಗೆ ಲೆಕ್ಕಪರಿಶೋಧಕರ ಬಳಿ ಕಳಿಸಿದೆ.

ಸಮಯಕ್ಕೆ ಬೇಲಿ ಹಾಕಲು ಒಪ್ಪಿದರು. ರಾತ್ರಿ ಒಂಬತ್ತರ ನಂತರ ತರಗತಿಯಿಲ್ಲ. ಮಸ್ಕತ್‌ನವರು ತಕರಾರಿಲ್ಲದೆ ಬೆಳಿಗ್ಗೆ ಆರಕ್ಕೆ ಬಂದರು, ನಮ್ಮ ಏಳೂವರೆ. ಆಯಿಯನ್ನು ಒಂದು ತರಗತಿಗೆ ಪಕ್ಕದಲ್ಲಿ ಕೂರಿಸಿಕೊಳ್ಳಿ ಎಂದಿದ್ದೆ. ಕೂರಿಸಿಕೊಂಡರು. ಆಯಿ ಏನೂ ಹೇಳಲಿಲ್ಲವಂತೆ, ಮರುದಿನದಿಂದ ಆ ಹೊತ್ತಿಗೆ ಮಿಕ್ಸಿ ತಿರುಗಿಸುವುದನ್ನು ನಿಲ್ಲಿಸಿದರಂತೆ. ಎಲ್ಲವನ್ನೂ ಪರದೆಗೆ ಒಪ್ಪಿಸಬೇಡಿ ಎಂದೂ ಕೇಳಿಕೊಂಡೆ. ಮಳೆ ನಿಂತ ಮೇಲೆ ಶನಿವಾರ ಬೆಳಿಗ್ಗೆ ಟಾಗೋರ್ ಕಡಲತೀರದಲ್ಲಿ ಏಳೆಂಟು ಜನರಿಗೆ ಕಲಿಸುತ್ತಿದ್ದಾರೆ; ಅವರ ಕೈಗೂ ಕೆಲಸ ಬೇಕು.

ಮಂಡಿ ಊದಿದ್ದ ಶಿಷ್ಯೆಯ ಮನೆಗೆ ಅವರು ತಾವಾಗಿ ಹೋಗಿ, "ನಿಮ್ಮ ಕಾಲನ್ನು ನಾನು ನೋಡಿರಲಿಲ್ಲ, ಅದು ನನ್ನ ತಪ್ಪು" ಎಂದು ಹೇಳಿ ಬಂದರು. ವೈದ್ಯರು ಒಪ್ಪಿದ ಮೇಲೆ ಆಕೆ ಮತ್ತೆ ಸೇರಿದ್ದಾರೆ. ಈಗ ಫೋನು ಹಿಡಿಯುವವಳು ಸೊಸೆ. ಹಳೆಯ ಇಬ್ಬರು ಶಿಷ್ಯರ ಶುಲ್ಕ ಇನ್ನೂ ಸಾವಿರದ ಐನೂರರಲ್ಲೇ ನಿಂತಿದೆ. ಮುಂದಿನ ಭೇಟಿಯಲ್ಲಿ ಅದನ್ನು ಮಾತಾಡಲಿದ್ದೇವೆ.