ಏಳು ಕಾಲು ಬೇರೆ, ಏಳೂಕಾಲು ಬೇರೆ

ಪ್ರಶ್ನೆ: ಮಗಳು ಆರನೇ ಕ್ಲಾಸು, ಕನ್ನಡ ಮೀಡಿಯಂ. ಸಮ, ವಿಷಮ, ಮಿಶ್ರ ಭಿನ್ನರಾಶಿ ಅಂತ ಬಾಯಿಪಾಠ ಒಪ್ಪಿಸುತ್ತಾಳೆ. ಆದರೆ 7/4 ಕಂಡ ಕೂಡಲೇ, "ಅಮ್ಮಾ, ರೊಟ್ಟಿ ನಾಲ್ಕು ತುಂಡು ಮಾಡಿದ್ರೆ ಅದರಲ್ಲಿ ಏಳು ತುಂಡು ತಗೊಳ್ಳೋದು ಹೇಗೆ?" ಅನ್ನುತ್ತಾಳೆ. ನನಗೂ ಉತ್ತರ ಹೊಳೆಯಲಿಲ್ಲ.
– ಓದುಗರೊಬ್ಬರು, ಶಿರಸಿ

ಉತ್ತರ: ಮಗಳ ಪ್ರಶ್ನೆ ಸರಿಯಾಗೇ ಇದೆ. ತಪ್ಪು ರೊಟ್ಟಿಯದು. ಒಂದೇ ರೊಟ್ಟಿ ಇಟ್ಟುಕೊಂಡು ಪಾಠ ಶುರು ಮಾಡಿದರೆ 4/4ಕ್ಕೆ ರೊಟ್ಟಿ ಮುಗಿಯುತ್ತದೆ, ಪಾಠವೂ ಅಲ್ಲೇ ನಿಲ್ಲುತ್ತದೆ. ಅದರ ಬದಲು ಕಾಫಿಪುಡಿ ತಗೊಳ್ಳಿ. ಕಾಲು ಕೆಜಿಯ ಏಳು ಪ್ಯಾಕೆಟ್ ತಂದಿರಿ ಅಂದುಕೊಳ್ಳಿ. ಅದು ಏಳು ಕಾಲು, ಅಂದರೆ 7/4 ಕೆಜಿ. ಕೆಳಗಿನ 4, ಅಂದರೆ ಛೇದ, ಪ್ಯಾಕೆಟ್ ಎಷ್ಟು ದೊಡ್ಡದು ಅಂತ ಹೇಳುತ್ತದೆ. ಮೇಲಿನ 7, ಅಂದರೆ ಅಂಶ, ಅಂಥವು ಎಷ್ಟಿವೆ ಅಂತ.

ಈಗ 'ಮುಕ್ಕಾಲು' ಪದವನ್ನು ಬಿಡಿಸಿ ನೋಡಿ. ಮೂರು ಕಾಲು. ಅಂಶ, ಛೇದ ಎರಡೂ ಒಂದೇ ಪದದಲ್ಲಿ ಕೂತಿವೆ! ಅಂಶ ಚಿಕ್ಕದು, ಬೆಲೆ ಒಂದಕ್ಕಿಂತ ಕಡಿಮೆ, ಹಾಗಾಗಿ ಅದು ಸಮ ಭಿನ್ನರಾಶಿ. ಮೂರು ಕಾಲು ಇರಬಹುದಾದರೆ ಏಳು ಕಾಲು ಯಾಕಿರಬಾರದು? ಅದು ವಿಷಮ. ಅಂಶ, ಛೇದ ಒಂದೇ ಆಗಿರುವ 4/4 ಕೂಡ ವಿಷಮಕ್ಕೇ ಸೇರುತ್ತದೆ, ಮಕ್ಕಳು ಜಾಸ್ತಿ ಎಡವುವುದು ಇಲ್ಲೇ.

ಇನ್ನು ಮಿಶ್ರ. ಏಳು ಪ್ಯಾಕೆಟ್‌ನಲ್ಲಿ ನಾಲ್ಕನ್ನು ಒಟ್ಟಿಗೆ ಇಟ್ಟರೆ ಒಂದು ಕೆಜಿ, ಉಳಿದದ್ದು ಮುಕ್ಕಾಲು. ಒಂದೂಮುಕ್ಕಾಲು, 1¾. 'ಒಂದೂ' ಅನ್ನುವಾಗ ಕೊನೆಗೆ ಒಂದು ದೀರ್ಘ ಬರುತ್ತದಲ್ಲ, ಅದೇ ಪ್ಲಸ್. ಅಂಕಿಯಲ್ಲಿ ಬರೆದಾಗ ಕಾಣುವುದಿಲ್ಲ, ಹೇಳಿದಾಗ ಕೇಳಿಸುತ್ತದೆ. ಏಳು ಕಾಲು ಅಂದರೆ 7/4, ಏಳೂಕಾಲು ಅಂದರೆ 7¼. ಒಂದು ದೀರ್ಘಕ್ಕೆ ಐದೂವರೆ ಕೆಜಿ ಕಾಫಿಪುಡಿ ವ್ಯತ್ಯಾಸ.

ಅಂದಹಾಗೆ, ವಿಷಮ ಅಂದರೆ ತಪ್ಪು ಅಂತಲ್ಲ. ಅಂಗಡಿಯಲ್ಲಿ ಯಾರೂ ಏಳು ಕಾಲು ಕೆಜಿ ಕೊಡಿ ಅನ್ನುವುದಿಲ್ಲ ನಿಜ, ಆದರೆ 1¾ನ್ನು 3ರಿಂದ ಗುಣಿಸು ಅಂದಾಗ 7/4 ಅಂತ ಬರೆದುಕೊಂಡರೇ ಸಲೀಸು. ಮೂರೇಳು ಇಪ್ಪತ್ತೊಂದು, 21/4, ಅಂದರೆ ಐದೂಕಾಲು.

ಪ್ರಶ್ನೆ: ಸಮ ಭಿನ್ನರಾಶಿ, ಸಮಾನ ಭಿನ್ನರಾಶಿ ಎರಡೂ ಒಂದೇನಾ? ಮೊಮ್ಮಗ 2/4 ಸಮ ಅಂತಾನೆ, ಯಾಕೆ ಅಂದರೆ ಎರಡೂ ಸಮಸಂಖ್ಯೆ ಅಂತೆ.
– ತಾತ, ದಾವಣಗೆರೆ

ಉತ್ತರ: ಉತ್ತರ ಸರಿ, ಕಾರಣ ತಪ್ಪು. 2/4 ಸಮ ಆಗಿರುವುದು 2 ಚಿಕ್ಕದು, 4 ದೊಡ್ಡದು ಅನ್ನೋ ಕಾರಣಕ್ಕೆ. 3/5ರಲ್ಲಿ ಎರಡೂ ಬೆಸ, ಆದರೂ ಅದು ಸಮ. 8/6ರಲ್ಲಿ ಎರಡೂ ಸಮಸಂಖ್ಯೆ, ಆದರೆ ಅದು ವಿಷಮ. ಈ ಹೆಸರುಗಳು ನನಗೂ ಅಷ್ಟಕ್ಕಷ್ಟೇ. ಮಗು ಗೊಂದಲ ಮಾಡಿಕೊಳ್ಳದಿದ್ದರೇ ಆಶ್ಚರ್ಯ.

ಸಮಾನ ಅನ್ನೋದು ಒಂಟಿ ಭಿನ್ನರಾಶಿಯ ಗುಣ ಅಲ್ಲ, ಅದಕ್ಕೆ ಜೊತೆ ಬೇಕು. ನಿಮಗೆ ಎಂಟಾಣೆ ಗೊತ್ತಲ್ಲ, ಅದನ್ನೇ ಹೇಳಿ. ಆಗ ರೂಪಾಯಿಗೆ 16 ಆಣೆ, ಎಂಟಾಣೆ ಅಂದರೆ 8/16. 1957ರಲ್ಲಿ ರೂಪಾಯಿಗೆ 100 ಪೈಸೆ ಆಯಿತು, ಅರ್ಧ ರೂಪಾಯಿ 50/100 ಆಯಿತು. ಆದರೂ ಜನ 50 ಪೈಸೆಯನ್ನು ಎಂಟಾಣೆ ಅಂತಲೇ ಕರೆದರು. 8/16, 50/100, 1/2 ಬರೆಯುವುದು ಬೇರೆ ಬೇರೆ, ಬೆಲೆ ಒಂದೇ. ಅದೇ ಸಮಾನ.

ಕೂಡುವಾಗ ಇದು ಬೇಕೇ ಬೇಕು. 1/2 ಮತ್ತು 1/3 ಕೂಡಿಸಿ 2/5 ಅಂತ ಬರೆಯುವ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. 2/5 ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಕಡಿಮೆ ಆಗುತ್ತದಾ? ಎರಡನ್ನೂ ಒಂದೇ ಅಳತೆಯ ತುಂಡಿಗೆ ತನ್ನಿ: 3/6, 2/6. ಒಟ್ಟು 5/6.

ಪ್ರಶ್ನೆ: ಈ ವಿಧಗಳೆಲ್ಲ ಇಂಗ್ಲಿಷ್ ಪುಸ್ತಕದಿಂದ ಬಂದದ್ದಾ?
– ವಿದ್ಯಾರ್ಥಿ, ಕಲಬುರಗಿ

ಉತ್ತರ: ನಿಮ್ಮ ಊರಿನವರೇ ಹೀಗೆ ಕೇಳಿದರೆ ಹೇಗೆ! ನಿಮ್ಮ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಅದರಲ್ಲಿ ಭಿನ್ನರಾಶಿಗಳಿಗೆ ಆರು ಜಾತಿ ಹೇಳುತ್ತಾರೆ. ಪೂರ್ಣಸಂಖ್ಯೆಗೆ ಭಿನ್ನ ಸೇರಿಸಿದರೆ ಭಾಗಾನುಬಂಧ, ಅಂದರೆ ನಮ್ಮ ಒಂದೂಮುಕ್ಕಾಲಿನ ಜಾತಿ. ಕಳೆದರೆ ಭಾಗಾಪವಾಹ. ಅಂಶ 1 ಇರುವ ಭಿನ್ನಗಳನ್ನೇ ಕೂಡಿಸಿ ಸರಿಯಾಗಿ 1 ಬರುವ ಹಾಗೆ ಮಾಡುವ ದಾರಿಯನ್ನೂ ಕೊಟ್ಟಿದ್ದಾರೆ. ಅದರ ಪ್ರಕಾರ ನಾಲ್ಕು ಭಿನ್ನ ಬೇಕೆಂದರೆ 1/2, 1/3, 1/9, 1/18. ಕೂಡಿಸಿ ನೋಡಿ, ಛೇದ 18 ಮಾಡಿಕೊಳ್ಳಿ.

ಪ್ರಶ್ನೆ: ಪಹಣಿಯಲ್ಲಿ ಜಮೀನು 1-30 ಅಂತ ಇದೆ. ಮಗ ಕ್ಯಾಲ್ಕುಲೇಟರ್‌ನಲ್ಲಿ 1.30 ಒತ್ತಿ, ಎಕರೆಗೆ 20 ಲಕ್ಷದ ಹಾಗೆ 26 ಲಕ್ಷ ಅಂದ. ಯಾಕೋ ಕಡಿಮೆ ಅನ್ನಿಸುತ್ತಿದೆ.
– ರೈತರು, ಮಂಡ್ಯ

ಉತ್ತರ: ಸದ್ಯ ಯಾರಿಗೂ ಮಾತು ಕೊಡಬೇಡಿ! ಅದು ದಶಮಾಂಶ ಅಲ್ಲ, 1 ಎಕರೆ 30 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ 30/40, ಅಂದರೆ ಮುಕ್ಕಾಲು. ನಿಮ್ಮದು ಒಂದೂಮುಕ್ಕಾಲು ಎಕರೆ, ಮೇಲೆ ಹೇಳಿದ ಅದೇ 7/4. ಇಪ್ಪತ್ತು ಲಕ್ಷದ ಕಾಲು ಭಾಗ 5 ಲಕ್ಷ, ಅಂಥ ಏಳು, 35 ಲಕ್ಷ. ಮಗನಿಗೆ ಕ್ರಿಕೆಟ್ ಇಷ್ಟವಾದರೆ ಹೀಗೆ ಹೇಳಿ: ಟಿವಿಯಲ್ಲಿ 10.3 ಓವರ್ ಅಂತ ತೋರಿಸಿದಾಗ ಆಗಿರುವುದು ಹತ್ತೂವರೆ ಓವರ್, ಯಾಕೆಂದರೆ ಆ 3 ಇರುವುದು ಆರು ಬಾಲಿನ ಲೆಕ್ಕದಲ್ಲಿ. ಹಾಗೇ ಪಹಣಿಯನ್ನು ಇನ್ನೊಮ್ಮೆ ನೋಡಿ, 30 ಆದಮೇಲೆ ಮತ್ತೊಂದು ಅಂಕಿ ಇದ್ದರೆ ಅದು ಆಣೆ. ಗುಂಟೆಗೆ 16. ಅದನ್ನೂ ಬಿಡಬೇಡಿ.