ಬೆಕ್ಕು ಪರಚಿದ ಚರ್ಮದ ಸೋಫಾವನ್ನು ಮನೆಯಲ್ಲೇ ಸರಿಪಡಿಸಬಹುದೇ?

ಕಂದು ಬಣ್ಣದ ಸೋಫಾದ ತೋಳುಗಳನ್ನು ಬೆಕ್ಕು ಪರಚಿದೆ, ಕೊಬ್ಬರಿ ಎಣ್ಣೆ ಹಚ್ಚಲೇ ಅಥವಾ ಬೂಟ್ ಪಾಲಿಶ್ ಹಚ್ಚಲೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಹಚ್ಚಬೇಡಿ. ಎಣ್ಣೆಯು ಗೀರನ್ನು ಕೆಲವು ದಿನ ಮರೆಸುತ್ತದೆ. ಆಮೇಲೆ ಆ ಜಾಗ ಕಪ್ಪಾಗಿ ಧೂಳು ಹಿಡಿಯುವುದಲ್ಲದೆ, ಮುಂದೆ ಸರಿಯಾದ ಬಣ್ಣ ಹಚ್ಚಲು ಹೊರಟರೆ ಅದು ಅಲ್ಲಿ ಕೂರುವುದಿಲ್ಲ. ಪಾಲಿಶ್ ಕುಳಿತವರ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಬೂಟಿನ ಮೇಲೆ ಯಾರೂ ಬಿಳಿ ಪಂಚೆ ಉಟ್ಟು ಕೂರುವುದಿಲ್ಲವಾದ್ದರಿಂದ ಅಲ್ಲಿ ಅದು ನಡೆಯುತ್ತದೆ, ಅಷ್ಟೆ.

ಮೊದಲು ಪರಚಿದ ಭಾಗ ನಿಜವಾಗಿ ಚರ್ಮವೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಅನೇಕ ಸೋಫಾಗಳಲ್ಲಿ ಕೂರುವ ಮತ್ತು ಒರಗುವ ಭಾಗ ಮಾತ್ರ ಚರ್ಮವಾಗಿದ್ದು, ಪಕ್ಕ ಮತ್ತು ಹಿಂಬದಿಗೆ ಅದೇ ಬಣ್ಣದ ರೆಕ್ಸಿನ್ ಹೊದಿಸಿರುತ್ತಾರೆ. ಬೆಕ್ಕು ಉಗುರು ಹಾಕುವುದೂ ಹೆಚ್ಚಾಗಿ ಅಲ್ಲಿಯೇ. ಗೀರಿನ ಅಂಚಿನಲ್ಲಿ ನೇಯ್ದ ಬಟ್ಟೆಯ ಎಳೆ ಕಂಡರೆ ಅದು ರೆಕ್ಸಿನ್, ಒತ್ತಾದ ನಾರಿನ ನವಿರು ಕಂಡರೆ ಚರ್ಮ. ಚರ್ಮವೇ ಆಗಿದ್ದರೆ, ಕಾಣದ ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ನೀರು ಹೀರಿಕೊಂಡು ಕಲೆಯಂತೆ ಕಪ್ಪಾದರೆ ಅದು ಮೇಲ್ಲೇಪವಿಲ್ಲದ ಅನಿಲೀನ್ ಚರ್ಮ. ಹನಿ ಹಾಗೆಯೇ ನಿಂತರೆ ಬಣ್ಣದ ಲೇಪವಿರುವ ಚರ್ಮ.

ಅನಿಲೀನ್ ಚರ್ಮದಲ್ಲಿ, ಅದರಲ್ಲೂ ಮೇಣ ಕುಡಿಸಿದ ಬಗೆಯಲ್ಲಿ, ತೆಳು ಗೀರುಗಳನ್ನು ಬೆರಳಿನಿಂದ ಮೃದುವಾಗಿ ಉಜ್ಜಿದರೆ, ಇಲ್ಲವೇ ಹೇರ್ ಡ್ರೈಯರಿನ ಕಡಿಮೆ ಶಾಖ ತೋರಿಸಿದರೆ, ಮೇಣ ಹರಡಿಕೊಂಡು ಬಹುಪಾಲು ಮಾಯವಾಗುತ್ತವೆ.

ಲೇಪವಿರುವ ಚರ್ಮಕ್ಕೆ ತಾಳ್ಮೆ ಬೇಕು. ನಾನು ಅನುಸರಿಸುವ ಕ್ರಮ ಹೀಗಿದೆ: ಮೇಲೆದ್ದ ನಾರುಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ, ಸೌಮ್ಯ ಸಾಬೂನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಜಿಡ್ಡು ಉಳಿಯದಂತೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯನ್ನು ಹಗುರವಾಗಿ ಆಡಿಸುತ್ತೇನೆ. ಉಗುರು ಬಣ್ಣ ತೆಗೆಯುವ ದ್ರಾವಣವನ್ನು ಇದಕ್ಕೆ ಬಳಸಬಾರದು. ಅದರಲ್ಲಿರುವ ಅಸಿಟೋನ್ ಉಳಿದ ಲೇಪವನ್ನೂ ಕರಗಿಸುತ್ತದೆ. ಗುಂಡಿ ಬಿದ್ದಿದ್ದರೆ ಚರ್ಮದ ಫಿಲ್ಲರನ್ನು ತೆಳುವಾಗಿ ತುಂಬಿ, ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ಸಮ ಮಾಡಬೇಕು. ಬಳಿಕ ಚರ್ಮಕ್ಕೆಂದೇ ಮಾರುವ, ನೀರಿನಲ್ಲಿ ಬೆರೆಯುವ ಬಣ್ಣವನ್ನು ಸ್ಪಂಜಿನ ತುದಿಯಿಂದ ಒತ್ತಿ ಒತ್ತಿ ಹಚ್ಚಿ. ಒಂದೇ ಸಲ ದಪ್ಪಗೆ ಬಳಿದರೆ ತೇಪೆಯಂತೆ ಕಾಣುತ್ತದೆ. ಪದರದ ಮೇಲೆ ಪದರ ತೆಳುವಾಗಿ ಬರಬೇಕು. ಹಸಿಯಾಗಿದ್ದಾಗಿನ ಬಣ್ಣ ಒಣಗಿದಾಗ ಬದಲಾಗುವುದರಿಂದ, ಮೊದಲು ಕಾಣದ ಜಾಗದಲ್ಲಿ ಹಚ್ಚಿ ಒಣಗಿಸಿ, ಟ್ಯೂಬ್‌ಲೈಟಿನಲ್ಲಲ್ಲ, ಹಗಲು ಬೆಳಕಿನಲ್ಲಿ ಹೋಲಿಸಿ ನೋಡಿ. ಕೊನೆಗೆ ಪಾರದರ್ಶಕ ಮೇಲ್ಲೇಪ ಹಚ್ಚದಿದ್ದರೆ ತೋಳಿನಂತಹ ಕೈಯಾಡುವ ಜಾಗದಲ್ಲಿ ಬಣ್ಣ ಬೇಗ ಸವೆಯುತ್ತದೆ.

ಚರ್ಮ ಆರಪಾರ ಹರಿದಿದ್ದರೆ ಅಥವಾ ಹೊಲಿಗೆ ಬಿಟ್ಟಿದ್ದರೆ ಸೋಫಾ ರಿಪೇರಿಯವರನ್ನೇ ಕರೆಸುವುದು ಒಳ್ಳೆಯದು. ರೆಕ್ಸಿನ್ ಸಿಪ್ಪೆಯಂತೆ ಏಳುತ್ತಿದ್ದರಂತೂ ಯಾವ ಬಣ್ಣವೂ ನಿಲ್ಲುವುದಿಲ್ಲ. ಆ ಭಾಗದ ಹೊದಿಕೆಯನ್ನು ಬದಲಾಯಿಸುವುದೊಂದೇ ದಾರಿ.