ನಾಫ್ಲಿಯೊದ ಹಳೆಯ ಇಗರ್ಜಿಗಳು

ಪ್ರಶ್ನೆ: ಜರ್ಮನಿಯಲ್ಲಿರುವ ಮಗಳು ಬರುವ ಏಪ್ರಿಲಿನಲ್ಲಿ ನಮ್ಮಿಬ್ಬರನ್ನು ಗ್ರೀಸಿನ ಕಡಲ ತಡಿಯ ನಾಫ್ಲಿಯೊ ಪಟ್ಟಣಕ್ಕೆ ಕರೆದೊಯ್ಯುವವಳಿದ್ದಾಳೆ. ನಾನು ಇದುವರೆಗೆ ಒಳಹೊಕ್ಕು ನೋಡಿರುವುದು ನಮ್ಮ ಬೇಳದ ಇಗರ್ಜಿಯೊಂದನ್ನೇ. ನಾಫ್ಲಿಯೊದ ಇಗರ್ಜಿಗಳಲ್ಲಿ ಅನ್ಯಮತದವರಿಗೆ ಪ್ರವೇಶವಿದೆಯೇ? ಚಪ್ಪಲಿ ಕಳಚಬೇಕೇ? ತಪ್ಪದೆ ನೋಡಬೇಕಾದುದು ಯಾವುದು?
– ನಿವೃತ್ತ ಅಧ್ಯಾಪಿಕೆ, ನೀರ್ಚಾಲು

ಉತ್ತರ: ಪ್ರವೇಶಕ್ಕೆ ಮತದ ಅಡ್ಡಿಯಿಲ್ಲ, ಚಪ್ಪಲಿ ಕಳಚುವ ಕ್ರಮವೂ ಇಲ್ಲ. ಭುಜ ಮತ್ತು ಮೊಣಕಾಲು ಮುಚ್ಚಿರಬೇಕು. ಸೀರೆಯುಟ್ಟ ನಿಮಗೆ ಆ ಚಿಂತೆಯಿಲ್ಲ, ನಿಮ್ಮ ಯಜಮಾನರು ಟೊಪ್ಪಿಯನ್ನು ಬಾಗಿಲಲ್ಲೇ ತೆಗೆದರೆ ಸಾಕು.

ಮೊದಲು ಸಂತ ಸ್ಪಿರಿಡಾನರ ಇಗರ್ಜಿಗೆ ಹೋಗಿ. 1702ರಲ್ಲಿ, ವೆನಿಸಿನವರ ಆಳ್ವಿಕೆಯ ಕಾಲದಲ್ಲಿ, ಕಟ್ಟಿದ ಈ ಪುಟ್ಟ ಕಟ್ಟಡ ಇಕ್ಕಟ್ಟಾದ ಓಣಿಯಲ್ಲಿರುವುದರಿಂದ ಕಣ್ತಪ್ಪಿ ಹೋಗುವುದುಂಟು. ತುರ್ಕರಿಂದ ಬಿಡುಗಡೆ ಪಡೆದ ಗ್ರೀಸಿನ ಮೊದಲ ರಾಷ್ಟ್ರನಾಯಕ ಇಯೊಆನಿಸ್ ಕಪೊದಿಸ್ತ್ರಿಯಾಸ್, 1831ರ ಅಕ್ಟೋಬರ್ 9ರ ಭಾನುವಾರ ಬೆಳಗ್ಗೆ ಪ್ರಾರ್ಥನೆಗೆಂದು ಬಂದಾಗ, ಅವರು ಸೆರೆಯಲ್ಲಿರಿಸಿದ್ದ ಮಾನಿ ಪ್ರಾಂತದ ಮುಖಂಡ ಮಾವ್ರೊಮಿಖಾಲಿಸನ ತಮ್ಮ ಮತ್ತು ಮಗ ಸೇರಿ ಅವರನ್ನು ಈ ಬಾಗಿಲಲ್ಲೇ ಕೊಂದರು. ಗುಂಡು ತಗುಲಿದ್ದೆಂದು ಹೇಳುವ ಗುರುತನ್ನು ಬಾಗಿಲ ಬದಿಯ ಗೋಡೆಯಲ್ಲಿ ಗಾಜು ಹಾಕಿ ಕಾದಿರಿಸಿದ್ದಾರೆ. ಆಗ ನಾಫ್ಲಿಯೊ ದೇಶದ ರಾಜಧಾನಿಯಾಗಿತ್ತು; 1834ರಲ್ಲಿ ಆ ಪಟ್ಟ ಅಥೆನ್ಸಿಗೆ ಹೋಯಿತು.

ಗುಂಡಿನ ಗುರುತಿನ ಫೋಟೊ ತೆಗೆದು ಅಲ್ಲಿಂದಲೇ ಹಿಂದಿರುಗಬೇಡಿ. ಬೇಳದಲ್ಲಿ ನೀವು ಕಂಡಂತಹ ಪ್ರತಿಮೆಗಳು ಗ್ರೀಕರ ಆರ್ಥೊಡಾಕ್ಸ್ ಪಂಥದ ಇಗರ್ಜಿಗಳಲ್ಲಿ ಇರುವುದಿಲ್ಲ. ಮರದ ಹಲಗೆಯ ಮೇಲೆ ಬರೆದ ಸಂತರ ಚಿತ್ರಗಳೇ ಅಲ್ಲಿ ಪೂಜ್ಯ. ಬಲಿಪೀಠವನ್ನು ಮರೆಮಾಡಿ ನಿಂತ ಚಿತ್ರಗಳ ಅಡ್ಡಗೋಡೆಯ ಆಚೆಗೆ, ನಮ್ಮ ಗರ್ಭಗುಡಿಗೆ ಹೇಗೋ ಹಾಗೆ, ಕಂಡವರೆಲ್ಲ ಕಾಲಿಡುವಂತಿಲ್ಲ. ವಾದ್ಯಗಳಿಲ್ಲದೆ ಬರಿಯ ಕಂಠದಿಂದ ಹಾಡುವ ಅವರ ಆರಾಧನೆಯನ್ನು ಹಿಂದೆ ನಿಂತು ಕೇಳಬಹುದು. ಆಗ ಫೋಟೊ ಮಾತ್ರ ಬೇಡ.

ಸಂತ ಜಾರ್ಜರ ದೊಡ್ಡ ಇಗರ್ಜಿ ತುರ್ಕರ ಕಾಲದಲ್ಲಿ ಮಸೀದಿಯಾಗಿತ್ತು. ಮೇಲಿನ ಓಣಿಯಲ್ಲಿರುವ ಕ್ಯಾಥೊಲಿಕರ ಇಗರ್ಜಿಯೂ ಮಸೀದಿಯಾಗಿದ್ದು, ಸ್ವತಂತ್ರ ಗ್ರೀಸಿನ ಮೊದಲ ದೊರೆ ಒಟ್ಟೊ ಅದನ್ನು ಅವರಿಗೆ ಕೊಟ್ಟನು. ಗ್ರೀಸಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿ ಮಡಿದ ಪರದೇಶೀಯರ ಹೆಸರುಗಳನ್ನು ಒಳಗೆ ಮರದ ಕಮಾನಿನ ಮೇಲೆ ಬರೆದಿದ್ದಾರೆ. ಸಮಯ ಕಡಿಮೆಯಿದ್ದರೆ ಸಂತ ಜಾರ್ಜರದನ್ನು ಬಿಟ್ಟು ಇದನ್ನು ನೋಡಿ ಎಂಬುದು ನನ್ನ ಸಲಹೆ.

ಪಟ್ಟಣದ ಹೊರಗೆ, ಅರಿಯಾ ಎಂಬಲ್ಲಿ, 1149ರಲ್ಲಿ ಬಿಷಪ್ ಲಿಯೊ ಕಟ್ಟಿಸಿದ ಅಯಿಯಾ ಮೊನಿ ಎಂಬ ಸನ್ಯಾಸಿನಿಯರ ಮಠವಿದೆ. ಕಲ್ಲಿನ ನಡುನಡುವೆ ಇಟ್ಟಿಗೆಯ ಅಲಂಕಾರ ಸೇರಿಸಿದ ಬೈಜಾಂಟಿಯನ್ (ಪೂರ್ವ ರೋಮನ್ ಸಾಮ್ರಾಜ್ಯದ ಕಾಲದ) ಕೆಲಸವನ್ನು ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ಮಠದ ಬಳಿಯ ಚಿಲುಮೆಯನ್ನು, ಗ್ರೀಕ್ ಪುರಾಣದ ಹೆರಾ ದೇವಿ ವರ್ಷಕ್ಕೊಮ್ಮೆ ಮಿಂದು ಮತ್ತೆ ಕನ್ಯೆಯಾಗುತ್ತಿದ್ದಳೆಂದು ಪುರಾತನ ಪ್ರವಾಸಿ ಪೌಸಾನಿಯಸ್ ಬರೆದ ಕನಥೊಸ್ ಎಂದೇ ಗುರುತಿಸುತ್ತಾರೆ.

ಇಗರ್ಜಿಗಳು ಮಧ್ಯಾಹ್ನ ಮುಚ್ಚುವುದು ಸಾಮಾನ್ಯವಾದುದರಿಂದ ಬೆಳಗ್ಗೆ ಅಥವಾ ಸಂಜೆಯೇ ಹೊರಡಿ. ಗ್ರೀಕರು ಈಸ್ಟರನ್ನು ಹಳೆಯ ಜೂಲಿಯನ್ ಪಂಚಾಂಗದಂತೆ ಲೆಕ್ಕ ಹಾಕುವುದರಿಂದ ಅದು ಬೇಳದ ಈಸ್ಟರಿನ ದಿನವೇ ಬರುವುದು ಕೆಲವು ವರ್ಷಗಳಲ್ಲಿ ಮಾತ್ರ. ಅವರ ಈಸ್ಟರಿನ ಹಿಂದಿನ ಶುಕ್ರವಾರ ರಾತ್ರಿ ಹೂವಿನಿಂದ ಸಿಂಗರಿಸಿದ ಯೇಸುವಿನ ಶವಮಂಚದ ಮೆರವಣಿಗೆ ಬೀದಿಗಿಳಿಯುತ್ತದೆ. ಟಿಕೆಟ್ ಮಾಡಿಸುವ ಮೊದಲೇ ಮಗಳಿಗೆ ಈ ದಿನಾಂಕವನ್ನು ನೋಡಲು ಹೇಳಿ.